ಹೆಸರು ಮರಳಿತು, ಹಾಡು ಮರಳುವುದೆ?

ದೂರದ ಶಿಕಾಗೋ ನಗರದ ರೇಡಿಯೋ ಕೇಂದ್ರವೊಂದು ತನ್ನ ಹಳೆಯ ಸಂಗೀತಕ್ಕೆ ಮರಳಿದರೆ, ಅದನ್ನು ಕುರಿತು ವಿಜ್ಞಾನದ ಮೇಷ್ಟ್ರೊಬ್ಬರು ಬರೆಯುವುದೇನಿದೆ ಎಂದು ನೀವು ಕೇಳಬಹುದು. ಅಲ್ಲಿ ಬರುವುದು ಆಲ್ಟರ್ನೇಟಿವ್ ರಾಕ್. ನನ್ನ ಕಿವಿಗೆ ಇಂದಿಗೂ ಅದು ಪೂರ್ತಿಯಾಗಿ ಒಗ್ಗಿಲ್ಲ. ಆದರೂ ಈ ವಿಷಯದಲ್ಲಿ ನನಗೊಂದು ಅಭಿಪ್ರಾಯವಿದೆ. ಅದು ಹುಟ್ಟಿದ ಬಗೆಯನ್ನೂ ಹೇಳಿಬಿಡುತ್ತೇನೆ.

2013ರ ಬೇಸಿಗೆ ರಜೆಯಲ್ಲಿ ನಾನು ಅಕ್ಕನ ಮಗನ ಮನೆಗೆಂದು ಶಿಕಾಗೋಗೆ ಹೋಗಿದ್ದೆ. ವಿಮಾನ ನಿಲ್ದಾಣದಿಂದ ಮನೆಗೆ ಹೋಗುವಾಗ ಕಾರಿನ ರೇಡಿಯೋ ಹಾಡುತ್ತಿತ್ತು. ಮುಳ್ಳಿನ ಕಡೆ ನೋಡಿದರೆ 87.7! ಅಮೆರಿಕದಲ್ಲಿ ಎಫ್.ಎಂ. ಪಟ್ಟಿ ಆರಂಭವಾಗುವುದೇ 88 ಮೆಗಾಹರ್ಟ್ಸ್‌ನಿಂದ. "ಇದೆಲ್ಲಿಯ ಕೇಂದ್ರವಯ್ಯಾ, ಬೇಲಿಯ ಆಚೆ ನಿಂತು ಹಾಡುತ್ತಿದೆ?" ಎಂದೆ. ಅವನು ನಕ್ಕು, "ಮಾಮ, ಇದು ಸತ್ತು ಬದುಕಿದ ರೇಡಿಯೋ. ದೊಡ್ಡ ಮನೆ ಹೋದ ಮೇಲೆ ಹಿತ್ತಲ ಕೋಣೆಯಲ್ಲಿ ವಾಸ ಮಾಡುತ್ತಿದೆ" ಎಂದ.

ಅದರ ವಿಜ್ಞಾನ ಸೊಗಸಾದದ್ದು. ನನ್ನ ತರಗತಿಯಲ್ಲಿ ಕುಳಿತಿದ್ದವರು ಎರಡು ವಾಕ್ಯ ಸಹಿಸಿಕೊಳ್ಳಬೇಕು. ಅಲ್ಲಿನ ಅನಲಾಗ್ ದೂರದರ್ಶನದಲ್ಲಿ ಆರನೆಯ ವಾಹಿನಿಗೆ ಮೀಸಲಾದ ಜಾಗ 82ರಿಂದ 88 ಮೆಗಾಹರ್ಟ್ಸ್. ಅದರ ಧ್ವನಿಯ ಅಲೆ 87.75ರಲ್ಲಿ, ಅದೂ ಎಫ್.ಎಂ. ಕ್ರಮದಲ್ಲಿಯೇ ಹೊರಡುತ್ತಿತ್ತು. 2009ರಲ್ಲಿ ದೊಡ್ಡ ಟಿ.ವಿ. ಕೇಂದ್ರಗಳೆಲ್ಲ ಡಿಜಿಟಲ್ ಆದರೂ, ಕಡಿಮೆ ಶಕ್ತಿಯ ಸಣ್ಣ ಕೇಂದ್ರಗಳು ಕೆಲವು ವರ್ಷ ಹಳೆಯ ಕ್ರಮದಲ್ಲಿಯೇ ಉಳಿಯಲು ಅನುಮತಿಯಿತ್ತು. ಅಂಥದೊಂದು ಟಿ.ವಿ. ಕೇಂದ್ರವನ್ನು ಹಿಡಿದು, ಚಿತ್ರವನ್ನು ಲೆಕ್ಕಕ್ಕಿಡದೆ, ಧ್ವನಿಯಿಂದಲೇ ರೇಡಿಯೋ ನಡೆಸುತ್ತಿದ್ದರು.

ದೊಡ್ಡ ಮನೆಯ ಕಥೆ ಇಷ್ಟು. ಶಿಕಾಗೋದ 101.1ರಲ್ಲಿ 'ಕ್ಯೂ 101' ಎಂಬ ಕೇಂದ್ರ 1992ರಲ್ಲಿ ಆಲ್ಟರ್ನೇಟಿವ್ ರಾಕ್‌ಗೆ ತಿರುಗಿತು. ಅದಕ್ಕೂ ಮುಂಚೆ ಈ ಸಂಗೀತಕ್ಕೆ ಬಹುಮಟ್ಟಿಗೆ ಆಶ್ರಯವಿದ್ದದ್ದು ಕಾಲೇಜು ವಿದ್ಯಾರ್ಥಿಗಳು ನಡೆಸುವ ಸಣ್ಣ ರೇಡಿಯೋಗಳಲ್ಲಿ. 1991ರ ಸೆಪ್ಟೆಂಬರಿನಲ್ಲಿ ಸಿಯಾಟಲ್ ಕಡೆಯ ನಿರ್ವಾಣ ಎಂಬ ತಂಡದ 'ನೆವರ್‌ಮೈಂಡ್' ಬಂದು ಲೋಕವೇ ಅದರತ್ತ ತಿರುಗಿದ ಮೇಲೆ ವ್ಯಾಪಾರಿ ಕೇಂದ್ರಗಳೂ ಬಾಗಿಲು ತೆರೆದವು. ಶಿಕಾಗೋದಲ್ಲಿಯೇ 1988ರಲ್ಲಿ ಹುಟ್ಟಿದ ಸ್ಮ್ಯಾಶಿಂಗ್ ಪಂಪ್‌ಕಿನ್ಸ್‌ನಂಥ ತಂಡ ಆ ಊರಿನ ಹುಡುಗರಿಗೆ ಸ್ವಂತದ್ದಾಯಿತು. ನನ್ನ ಸೋದರಳಿಯ ಅಲ್ಲಿಗೆ ಓದಲು ಹೋದದ್ದು 1996ರಲ್ಲಿ. ಮೊದಲ ಚಳಿಗಾಲದಲ್ಲಿ, ಹಿಮ ಬಿದ್ದ ಸಂಜೆಗಳಲ್ಲಿ, ಮಾತಾಡಲು ಜೊತೆಯಿಲ್ಲದ ಕೋಣೆಯಲ್ಲಿ ಅವನಿಗೆ ಆ ರೇಡಿಯೋ ಒಂದೇ ಸಂಗಾತಿ. "ನನಗೆ ಆ ಭಾಷೆಯ ಸಿಟ್ಟು, ದುಃಖ ಅರ್ಥವಾದದ್ದು ಅಲ್ಲಿಯೇ ಮಾಮ" ಎನ್ನುತ್ತಿದ್ದ.

ಅದೇ 1996ರಲ್ಲಿ ಅಮೆರಿಕದ ಸಂಪರ್ಕ ಕಾಯ್ದೆ ಬದಲಾಯಿತು. ಅದುವರೆಗೆ ಒಬ್ಬ ಮಾಲೀಕ ದೇಶದಾದ್ಯಂತ 40 ರೇಡಿಯೋ ಕೇಂದ್ರಗಳನ್ನಷ್ಟೇ ಹೊಂದಬಹುದಿತ್ತು. ಆ ಮಿತಿ ರದ್ದಾಯಿತು. ಒಂದೇ ಕಂಪನಿ ಸಾವಿರಕ್ಕೂ ಮಿಕ್ಕಿ ಕೇಂದ್ರಗಳ ಒಡೆತನ ಪಡೆದದ್ದೂ ಉಂಟು. ಕೇಳುಗರನ್ನು ಎಣಿಸುವ ರೀತಿಯೂ ಬದಲಾಯಿತು. ಮೊದಲು ಜನ ತಾವು ಕೇಳಿದ್ದನ್ನು ದಿನಚರಿಯಲ್ಲಿ ಬರೆದುಕೊಡುತ್ತಿದ್ದರು. 2007ರಿಂದ ಈಚೆಗೆ ದೊಡ್ಡ ನಗರಗಳಲ್ಲಿ, ಕಿವಿಗೆ ಕೇಳಿಸದ ಸಂಕೇತವನ್ನು ಗುರುತಿಸುವ ಪುಟ್ಟ ಯಂತ್ರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ದಿನಚರಿಯಲ್ಲಿ ಜನ ತಮಗೆ ಪ್ರಿಯವಾದ ಕೇಂದ್ರದ ಹೆಸರು ಬರೆಯುತ್ತಿದ್ದರು. ಯಂತ್ರಕ್ಕೆ ಪ್ರೀತಿ ತಿಳಿಯದು, ಎಷ್ಟು ನಿಮಿಷ ಎಂಬುದಷ್ಟೇ ತಿಳಿಯುತ್ತದೆ.

2011ರ ಜುಲೈನಲ್ಲಿ ಕೇಂದ್ರದ ಒಡೆತನ ಬದಲಾಗಿ ಕ್ಯೂ 101 ನಿಂತಿತು. ಅದರ ಜಾಗದಲ್ಲಿ ಇಡೀ ದಿನ ಸುದ್ದಿ ಓದುವ ಕೇಂದ್ರ ಬಂದಿತು. 1968ರಿಂದ ಅದೇ ಕೆಲಸ ಮಾಡುತ್ತಿದ್ದ ಹಳೆಯ ಕೇಂದ್ರವೊಂದು ಊರಿನಲ್ಲಿಯೇ ಇದ್ದಾಗ ಈ ಹೊಸ ಸುದ್ದಿಗೆ ಕಿವಿಗೊಡುವವರಾರು? ಒಂದು ವರ್ಷದಲ್ಲಿ ಅದೂ ಮುಚ್ಚಿತು. 2012ರಲ್ಲಿ ಹಳೆಯ ಸಂಗೀತ 87.7ರ ಹಿತ್ತಲ ಕೋಣೆಗೆ ಬಂದಿತು; 2014ರಲ್ಲಿ ಮತ್ತೆ 101.1ಕ್ಕೇರಿತು. ಆದರೆ 'ಕ್ಯೂ 101' ಎಂಬ ಹೆಸರು ಮಾತ್ರ ಜೊತೆಯಲ್ಲಿ ಬರಲಿಲ್ಲ. ಆ ಹೆಸರು ಕೇಂದ್ರದ ಬಾಗಿಲ ಮೇಲೆ ಮತ್ತೆ ಕಾಣಿಸಿದ್ದು 2022ರಲ್ಲಿ. ತರಂಗಾಂತರ, ಸಂಗೀತ, ಹೆಸರು ಈ ಮೂರೂ ಬೇರೆ ಬೇರೆ ಆಸ್ತಿಗಳೆಂಬುದು, ಹಿಸ್ಸೆಯಾದ ಮನೆಯಂತೆ ಅವು ಬೇರೆ ಬೇರೆ ಕೈಗೆ ಹೋಗಬಹುದೆಂಬುದು ನನಗೆ ತಿಳಿದದ್ದೇ ಆಗ.

ಸೋದರಳಿಯ ಅಂದು ಫೋನಿನಲ್ಲಿ ಹಬ್ಬದ ದನಿಯಲ್ಲಿ ಮಾತಾಡಿದ. ನಾನೂ ಸಂತೋಷಪಟ್ಟೆ. ಕೆಲವು ತಿಂಗಳ ನಂತರ ಅವನೇ ಇನ್ನೊಂದು ಮಾತು ಹೇಳಿದ. ಕಾರಿನಲ್ಲಿ ಅವನ ಮಗಳು, ಹೈಸ್ಕೂಲಿನ ಹುಡುಗಿ, ಅರ್ಧ ಗಂಟೆ ಸುಮ್ಮನೆ ಕೇಳಿ, "ಅಪ್ಪಾ, ಇದರಲ್ಲಿ ನನ್ನ ವಯಸ್ಸಿನವರ ಹಾಡು ಯಾವಾಗ ಬರುತ್ತದೆ?" ಎಂದಳಂತೆ. ಆ ಅರ್ಧ ಗಂಟೆಯಲ್ಲಿ ಬಂದದ್ದೆಲ್ಲ ಇವನು ವಿದ್ಯಾರ್ಥಿಯಾಗಿದ್ದಾಗಿನ ಹಾಡುಗಳೇ.

ಅರ್ಧ ಗಂಟೆ ಕೇಳಿ ಕೇಂದ್ರಕ್ಕೆ ಅಂಕ ಕೊಡುವುದು ನ್ಯಾಯವಲ್ಲ. ಆದರೆ ಪ್ರಶ್ನೆ ಸರಿಯಾದದ್ದು. ಆಲ್ಟರ್ನೇಟಿವ್ ಎಂದರೆ ರೂಢಿಯದಕ್ಕೆ ಬದಲಿಯಾದದ್ದು. ಮೂವತ್ತು ವರ್ಷದ ಹಿಂದಿನ ಬದಲಿಯೇ ಇಂದಿನ ರೂಢಿಯಾಗಿದ್ದರೆ, ಅದು ಯಾವುದಕ್ಕೆ ಬದಲಿ?

ಕೇಂದ್ರದವರ ಕಷ್ಟವನ್ನೂ ನೋಡಬೇಕು. ಜಾಹೀರಾತಿಲ್ಲದೆ ರೇಡಿಯೋ ಇಲ್ಲ. ಪರಿಚಯವಿಲ್ಲದ ಹಾಡು ಬಂದೊಡನೆ ಕೇಳುಗ ಬೇರೆ ಕೇಂದ್ರಕ್ಕೆ ಹಾರುತ್ತಾನೆ. ಸೊಂಟದ ಯಂತ್ರ ಅದನ್ನು ಒಡನೆಯೇ ಬರೆದುಕೊಳ್ಳುತ್ತದೆ. ಹೀಗಿರುವಾಗ ಪರಿಚಿತ ಹಾಡಿಗೆ ಅಂಟಿಕೊಳ್ಳುವುದು ಜಾಣತನವೆಂದು ತೋರುವುದು ಸಹಜ. ಆದರೆ ಇಂದು ಪರಿಚಿತ ಹಾಡು ಬೇಕಾದವನಿಗೆ ರೇಡಿಯೋ ಏಕೆ? ಅವನ ಕಿಸೆಯ ಫೋನಿನಲ್ಲಿ ಅವೆಲ್ಲವೂ ಇವೆ. ಫೋನು ನಮಗೆ ಕೊಡುವುದು ಬಹುಪಾಲು ನಾವು ಈಗಾಗಲೇ ಮೆಚ್ಚಿದ್ದನ್ನು, ಇಲ್ಲವೇ ಅದರ ಅಕ್ಕತಂಗಿಯರನ್ನು. ರೇಡಿಯೋ ಕೊಡಬಲ್ಲದ್ದು ಬೇರೆ: ಸಂಗೀತ ಬಲ್ಲ ಒಬ್ಬ ಮನುಷ್ಯ, ಅದೇ ಊರಿನ ಮಳೆಯಲ್ಲಿ ನೆನೆದು ಬಂದವನು, "ನೀವು ಇದನ್ನು ಕೇಳಿಲ್ಲ, ಕೇಳಿ" ಎನ್ನುವ ಮಾತು. 1992ರಲ್ಲಿ ಆ ಕೇಂದ್ರ ಮಾಡಿದ್ದು ಅದನ್ನೇ. ಅಂದಿನ ಹಾಡುಗಳೂ ಒಮ್ಮೆ ಅಪರಿಚಿತವೇ ಆಗಿದ್ದವಲ್ಲವೆ?

ಇದನ್ನು ನಾನು ಉಪದೇಶವಾಗಿ ಬರೆಯುತ್ತಿಲ್ಲ. ನನ್ನ ಕಡೆಯ ಬ್ಯಾಚುಗಳಲ್ಲಿದ್ದವರಿಗೆ ನನ್ನ ಖಾಕಿ ರಟ್ಟಿನ ನೋಟ್‌ಬುಕ್ಕು ನೆನಪಿರಬಹುದು. ಬಿ.ಎಡ್. ಮುಗಿಸಿ ಬಂದ ಹೊಸದರಲ್ಲಿ ರಾತ್ರಿ ಕುಳಿತು ಬರೆದ ಟಿಪ್ಪಣಿಗಳವು. ಆಗ ಅವು ಹೊಸವು. ಹಿರಿಯ ಶಿಕ್ಷಕರು ನನ್ನ ಪಾಠ ಕೇಳಲು ಬಾಗಿಲಲ್ಲಿ ನಿಲ್ಲುತ್ತಿದ್ದರು. ಮೂವತ್ತು ವರ್ಷದ ನಂತರವೂ ನಾನು ಅದೇ ನೋಟ್‌ಬುಕ್ಕನ್ನು, ಅದೇ ಉದಾಹರಣೆಗಳನ್ನು, ಅದೇ ನಗೆಚಾಟಿಕೆಯನ್ನು ಹಿಡಿದು ತರಗತಿಗೆ ಹೋಗುತ್ತಿದ್ದೆ. ಒಮ್ಮೆ ಒಬ್ಬ ಹುಡುಗ ಎದ್ದು, "ಸಾರ್, ಈ ಜೋಕು ನಮ್ಮ ಅಪ್ಪನೂ ಹೇಳುತ್ತಾರೆ" ಎಂದ. ಅವನ ತಂದೆಯೂ ನನ್ನ ವಿದ್ಯಾರ್ಥಿಯೇ. ತರಗತಿ ನಕ್ಕಿತು, ನಾನೂ ನಕ್ಕೆ. ಆ ರಾತ್ರಿ ನಿದ್ದೆ ಬರಲಿಲ್ಲ. ತಂದೆಗೆ ನಾನು ಕೊಟ್ಟದ್ದು ಪಾಠ. ಮಗನಿಗೆ ಕೊಟ್ಟದ್ದು ತಂದೆಯ ನೆನಪು. ಮರುವರ್ಷ ಹೊಸ ಟಿಪ್ಪಣಿ ಬರೆಯಲು ಕುಳಿತೆನೆಂದು ಹೇಳಬಲ್ಲೆ. ಪೂರ್ತಿ ಮಾಡಿದೆನೆಂದು ಹೇಳಲಾರೆ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟೆ. ಹಳೆಯ ಕೇಂದ್ರ ಹಳೆಯ ಹೆಸರಿನಲ್ಲಿ ಮರಳಿದ್ದು ಒಳ್ಳೆಯದು. ಒಂಟಿ ಕೋಣೆಯ ವಿದ್ಯಾರ್ಥಿಗೆ ಜೊತೆಯಾಗಿದ್ದ ದನಿಯನ್ನು ಬರಿಯ ಲೆಕ್ಕದ ಕಾರಣಕ್ಕೆ ಅಳಿಸಿದ್ದು ತಪ್ಪಾಗಿತ್ತು. ಆದರೆ ಪ್ರತಿ ಗಂಟೆಯಲ್ಲಿ ಎರಡಾದರೂ ಹಾಡು ಯಾರೂ ಕೇಳದ ಹೊಸ ತಂಡದ್ದಿರಲಿ. ಅದರಲ್ಲೊಂದು ಆ ಊರಿನದೇ ಆಗಿರಲಿ. ಅದನ್ನು ಆರಿಸುವವರು ಆ ಊರಿನಲ್ಲಿಯೇ ಕುಳಿತಿರಲಿ. ಆ ಎರಡು ಹಾಡು ಬಂದಾಗ ನನ್ನ ಸೋದರಳಿಯನಂಥ ಹಳೆಯ ಅಭಿಮಾನಿಗಳು ಕೇಂದ್ರ ಬದಲಿಸದೆ ಕೇಳಬೇಕು. ಈ ಮಾತನ್ನು ಅವನಿಗೂ ಹೇಳಿದ್ದೇನೆ. "ಪ್ರಯತ್ನಿಸುತ್ತೇನೆ ಮಾಮ, ಮೊದಲ ಸಲ ಕಿವಿಗೆ ಕಷ್ಟವಾಗುತ್ತದೆ" ಎಂದ. ಹಿಂದೆ ಅವನು ಊರಿಗೆ ತಂದಿದ್ದ ಕ್ಯಾಸೆಟ್ ಹಾಕಿದಾಗ ನಾನೂ, ಅಕ್ಕನೂ ಹೇಳಿದ ಮಾತು ಅದೇ ಆಗಿತ್ತೆಂದು ಅವನಿಗೆ ನೆನಪು ಮಾಡಿಕೊಟ್ಟೆ.