ಮಾಗಿಯ ಬೆಟ್ಟಕ್ಕೆ ಫಿಲ್ಟರ್ ಯಾಕೆ?

ಎಲೆ ಕೆಂಪಾಗುವುದನ್ನು ನೋಡಲು ಕಾಶ್ಮೀರಕ್ಕೇ ಹೋಗಬೇಕು, ಅಲ್ಲಿನ ಚಿನಾರ್ ಮರಗಳ ಕೆಳಗೇ ನಿಲ್ಲಬೇಕು ಎಂದು ನಾವು ಕನಸು ಕಾಣುತ್ತೇವೆ. ಆದರೆ 1,930 ಮೀಟರ್ ಎತ್ತರದ ನಮ್ಮ ಮುಳ್ಳಯ್ಯನಗಿರಿಯ ಹುಲ್ಲುಗಾವಲೂ ಮಳೆ ನಿಂತು ಮಾಗಿ ಬರುವಷ್ಟರಲ್ಲಿ ಹಸಿರು ಬಿಟ್ಟು ಹೊಂಬಣ್ಣಕ್ಕೆ ತಿರುಗುತ್ತದೆ.

ಬಿ.ಇ. ಓದುತ್ತಿರುವ ನನಗೆ ಇದರಲ್ಲಿ ಒಂದು ತಕರಾರಿದೆ. ಸೂರ್ಯ ಇಳಿದಾಗ ಕಿರಣಗಳು ಗಾಳಿಯಲ್ಲಿ ಹೆಚ್ಚು ದೂರ ಸಾಗಿ ಬರುತ್ತವೆ. ನೀಲಿ ಚದುರಿ ಹಳದಿ, ಕೆಂಪು ಉಳಿಯುತ್ತದೆ. ಫೋನಿನ ಆಟೊ ವೈಟ್ ಬ್ಯಾಲೆನ್ಸ್ ಅದನ್ನು ದೋಷವೆಂದುಕೊಂಡು ತಿದ್ದಲು ನೋಡುತ್ತದೆ. ಆಮೇಲೆ ನಾವೇ ಫಿಲ್ಟರ್ ಹಾಕಿ ಇಲ್ಲದ ಕೆಂಪು ಬಳಿಯುತ್ತೇವೆ. ಕೊನೆಗೆ ಎಲ್ಲರ ಸ್ಟೇಟಸ್‌ನಲ್ಲೂ ಒಂದೇ ಥರದ ಬೆಟ್ಟ!

ಇದಕ್ಕೆ ದುಬಾರಿ ಕ್ಯಾಮೆರಾ ಬೇಡ. ಪ್ರೊ ಮೋಡ್ ಇದ್ದರೆ ವೈಟ್ ಬ್ಯಾಲೆನ್ಸನ್ನು 5,500 ಕೆಲ್ವಿನ್ ಆಸುಪಾಸಿನಲ್ಲಿಡಿ. ಇಳಿಬಿಸಿಲಿಗೆ ಎದುರಾಗಿ ನಿಂತು ನೋಡಿ, ಹುಲ್ಲಿನ ತುದಿಗಳು ಹೊಳೆಯುತ್ತವೆ. ಒಂದೇ ದಿನ ಆರು ವ್ಯೂ ಪಾಯಿಂಟ್ ಸುತ್ತುವ ಬದಲು ಒಂದೇ ಕಡೆ ಒಂದು ಗಂಟೆ ಕೂರಿ. ಬೆಟ್ಟ ತಾನಾಗಿಯೇ ನಾಲ್ಕಾರು ಬಣ್ಣ ಬದಲಿಸುತ್ತದೆ.

ರೆಸ್ಯೂಮೆಯಿಂದ ಸೆಲ್ಫಿಯವರೆಗೆ ಎಲ್ಲವನ್ನೂ ತಿದ್ದಿ ತೋರಿಸುವ ಒತ್ತಡ ನಮ್ಮ ಮೇಲಿದೆ. ಬೆಟ್ಟವನ್ನಾದರೂ ಇದ್ದ ಹಾಗೇ ತೋರಿಸೋಣ.