ಬರೆದು ಕೊಡಿ: ಡಿಜಿಟಲ್ ಸುಗಮ್ಯತೆಯ ದಾಖಲೆಗಾಗಿ ಒಂದು ಪ್ರಣಾಳಿಕೆ

ಕರ್ನಾಟಕದ ಜನ ಬಳಸಲೇಬೇಕಾದ ಪ್ರತಿಯೊಂದು ಜಾಲತಾಣ, ಪ್ರತಿಯೊಂದು ಆ್ಯಪ್ ಯಾರ ಕೈಗೆ ಎಟುಕುತ್ತದೆ, ಯಾರಿಗೆ ಯಾವ ಹಂತದಲ್ಲಿ ಕೈಕೊಡುತ್ತದೆ ಎಂಬುದನ್ನು ಅದನ್ನು ನಡೆಸುವವರೇ ಬರೆದು, ತಾರೀಖು ಹಾಕಿ, ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಈ ಒಂದು ಬೇಡಿಕೆಗಾಗಿ ನಾವು ಒಗ್ಗೂಡಿದ್ದೇವೆ.

ನಾವೆಂದರೆ ಸ್ಕ್ರೀನ್ ರೀಡರಿನ ದನಿ ಕೇಳಿಸಿಕೊಂಡು ಫೋನ್ ಬಳಸುವವರು, ಮೌಸ್ ಹಿಡಿಯಲಾಗದೆ ಕೀಬೋರ್ಡ್ ಒಂದರಿಂದಲೇ ಕೆಲಸ ಮಾಡುವವರು, ಕಿವಿ ಕೇಳದವರು, ವಯಸ್ಸಾಗಿ ಸಣ್ಣ ಅಕ್ಷರ ಕಾಣದವರು, ಇವರೆಲ್ಲರ ಮನೆಯವರು. ಜೊತೆಗೆ ಸಾಫ್ಟ್‌ವೇರ್ ಬರೆಯುವವರು ಮತ್ತು ಪರೀಕ್ಷಿಸುವವರು. 2011ರ ಜನಗಣತಿ ಈ ರಾಜ್ಯದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರನ್ನು ಎಣಿಸಿತ್ತು. ಅಂದಿನಿಂದ ಇಂದಿಗೆ ಪಿಂಚಣಿ, ಪಹಣಿ, ಕರೆಂಟ್ ಬಿಲ್ಲು, ಬಸ್ ಟಿಕೆಟ್ಟು, ಬ್ಯಾಂಕಿನ ವ್ಯವಹಾರ ಒಂದೊಂದಾಗಿ ಫೋನಿನೊಳಗೆ ಸೇರಿಕೊಂಡಿವೆ.

ಅಲ್ಲಿ ಆಗುತ್ತಿರುವುದೇನು? ಅರ್ಜಿ ತುಂಬುತ್ತಿರುವ ಅಂಧ ಯುವತಿಗೆ ಫೋನು ‘ಬಟನ್, ಬಟನ್, ಬಟನ್’ ಎನ್ನುತ್ತದೆ. ಯಾವುದು ಸಲ್ಲಿಸುವ ಬಟನ್, ಯಾವುದು ಅಳಿಸುವ ಬಟನ್ ಎಂದು ಹೇಳುವುದಿಲ್ಲ; ಕೋಡ್ ಬರೆದವರು ಅದಕ್ಕೆ ಹೆಸರೇ ಕೊಟ್ಟಿಲ್ಲ. ಕ್ಯಾಪ್ಚಾ ಬರೀ ಚಿತ್ರದಲ್ಲಿದೆ, ಕೇಳಿಸಿಕೊಳ್ಳುವ ದಾರಿಯಿಲ್ಲ. ಹುಟ್ಟಿದ ದಿನಾಂಕ ಆರಿಸುವ ಕ್ಯಾಲೆಂಡರ್ ಕೀಬೋರ್ಡಿಗೆ ಬಗ್ಗುವುದಿಲ್ಲ. ಒಟಿಪಿ ಕೇಳಿಸಿಕೊಂಡು ವಾಪಸು ಬಂದು ಟೈಪ್ ಮಾಡುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಕೊನೆಗೆ ಆಕೆ ಸೈಬರ್ ಸೆಂಟರಿಗೆ ಹೋಗಿ, ಪರಿಚಯವಿಲ್ಲದವರ ಮುಂದೆ ಆಧಾರ್ ಸಂಖ್ಯೆ, ಪಾಸ್‌ವರ್ಡ್, ಒಟಿಪಿ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಯಾರಿಗೂ ಹೇಳಬೇಡಿ ಎಂದು ಬ್ಯಾಂಕುಗಳು ಮತ್ತೆ ಮತ್ತೆ ಎಚ್ಚರಿಸುವ ಗುಟ್ಟುಗಳಿವು. ವಿದ್ಯಾವಂತೆ, ದುಡಿಯುವ ಹೆಣ್ಣುಮಗಳೊಬ್ಬಳು ತನ್ನ ಖಾತೆಯಲ್ಲಿ ಎಷ್ಟು ಹಣವಿದೆ ಎಂಬುದನ್ನು ಇನ್ನೊಬ್ಬರ ಬಾಯಿಂದ ಕೇಳಬೇಕಾಗಿರುವುದು ಅವಮಾನ. ಅದನ್ನು ಸಹಿಸಿಕೊಂಡು ಹೋಗಲು ನಾವು ಇನ್ನು ತಯಾರಿಲ್ಲ.

ಕಾನೂನಿಗೇನೂ ಬರವಿಲ್ಲ. ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲೇ ಅನುಮೋದಿಸಿತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 42ನೇ ಕಲಮು ಮಾಹಿತಿ ತಂತ್ರಜ್ಞಾನ ಎಲ್ಲರಿಗೂ ದಕ್ಕಬೇಕು ಎನ್ನುತ್ತದೆ. ಸರ್ಕಾರಿ ಜಾಲತಾಣಗಳಿಗೆ 2009ರಿಂದ ಕೇಂದ್ರದ ಮಾರ್ಗಸೂಚಿಯಿದೆ. ಭಾರತೀಯ ಮಾನಕ ಬ್ಯೂರೋದ ಸುಗಮ್ಯತೆಯ ಮಾನದಂಡ ಐಎಸ್ 17802 ಎರಡು ಭಾಗಗಳಲ್ಲಿ ಬಂದಿದೆ, 2021ರಲ್ಲಿ ಒಂದು, 2022ರಲ್ಲಿ ಇನ್ನೊಂದು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸುಗಮ್ಯತೆಯ ನಿಯಮಗಳು ಬರೀ ಸಲಹೆಯಾಗಿ ಉಳಿಯುವಂತಿಲ್ಲ, ಕಡ್ಡಾಯವಾಗಬೇಕು ಎಂದು ಹೇಳಿ, ಆ ಅಧಿನಿಯಮದಡಿಯ 15ನೇ ನಿಯಮದಲ್ಲಿ ಅವನ್ನು ಸಲಹೆಯ ಮಟ್ಟದಲ್ಲೇ ಇರಿಸಿದ್ದ ಭಾಗವನ್ನು ರದ್ದುಮಾಡಿತು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಆಸಿಡ್ ದಾಳಿಯಲ್ಲಿ ಕಣ್ಣು, ರೆಪ್ಪೆ ಕಳೆದುಕೊಂಡವರನ್ನು ಡಿಜಿಟಲ್ ಕೆವೈಸಿ ‘ಕಣ್ಣು ಮಿಟುಕಿಸಿ’ ಎಂದು ಕೇಳುತ್ತಿತ್ತು. ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಎಂದ ಪೀಠ, ಕೆವೈಸಿ ಮಾಡಿಸುವ ಸಂಸ್ಥೆಗಳು ಕಾಲಕಾಲಕ್ಕೆ ಸುಗಮ್ಯತೆಯ ಆಡಿಟ್ ಮಾಡಿಸಬೇಕು, ಪರೀಕ್ಷೆಯ ಹಂತದಲ್ಲಿ ಅಂಧ ಬಳಕೆದಾರರು ಇರಬೇಕು ಎಂದು ನಿರ್ದೇಶಿಸಿತು.

ಇಷ್ಟಿದ್ದೂ ಆಡಿಟ್‌ನಲ್ಲಿ ಕಂಡದ್ದೇನು ಎಂಬುದು ನಾಗರಿಕರಿಗೆ ತಿಳಿಯುವುದಿಲ್ಲ. ಜಾಲತಾಣದ ಅಡಿಯಲ್ಲೊಂದು ಮುದ್ರೆ ಇರುತ್ತದೆ, ಅಷ್ಟೆ. ಯಾವ ಆವೃತ್ತಿ, ಯಾವ ಪುಟ, ಯಾರು ನೋಡಿದರು, ಏನು ಉಳಿದಿದೆ ಎಂಬುದಕ್ಕೆ ಉತ್ತರವಿಲ್ಲ. ನಮ್ಮ ಚಳವಳಿ ಹುಟ್ಟಿರುವುದು ಈ ಮೌನವನ್ನು ಮುರಿಯುವುದಕ್ಕೆ.

ಇಂಥ ದಾಖಲೆ ಬರೆಯುವುದು ನಮ್ಮ ನಾಡಿಗೆ ಬಾರದ ವಿದ್ಯೆಯೇನಲ್ಲ. ಅಮೆರಿಕದ ಫೆಡರಲ್ ಸರ್ಕಾರಕ್ಕೆ ಸಾಫ್ಟ್‌ವೇರ್ ಮಾರುವ ಕಂಪನಿಗಳು ಅಲ್ಲಿನ ಸುಗಮ್ಯತೆಯ ಕಾನೂನಾದ ಸೆಕ್ಷನ್ 508ಕ್ಕೆ ತಮ್ಮ ಸಾಫ್ಟ್‌ವೇರ್ ಎಷ್ಟು ಹೊಂದುತ್ತದೆ ಎಂದು ತಿಳಿಸಲು ವಿಪಿಎಟಿ ಎಂಬ ನಮೂನೆ ತುಂಬುತ್ತವೆ. ಜಾಲತಾಣಗಳ ಸುಗಮ್ಯತೆಗೆ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ ಡಬ್ಲ್ಯುಸಿಎಜಿಯ ಒಂದೊಂದು ಮಾನದಂಡದ ಎದುರೂ ‘ಪೂರೈಸುತ್ತದೆ’, ‘ಭಾಗಶಃ ಪೂರೈಸುತ್ತದೆ’, ‘ಪೂರೈಸುವುದಿಲ್ಲ’, ‘ಅನ್ವಯಿಸುವುದಿಲ್ಲ’ ಎಂದು ಬರೆದು ಪಕ್ಕದಲ್ಲಿ ಕಾರಣ ಕೊಡಬೇಕು. ಬೆಂಗಳೂರಿನ ಕಚೇರಿಗಳಲ್ಲಿ ನಮ್ಮದೇ ಹುಡುಗ ಹುಡುಗಿಯರು ಈ ನಮೂನೆಗಳನ್ನು ತುಂಬುತ್ತಿದ್ದಾರೆ. ಯುರೋಪಿನಲ್ಲಿ 2016ರ ನಿರ್ದೇಶನದ ಪ್ರಕಾರ ಸಾರ್ವಜನಿಕ ಸಂಸ್ಥೆಗಳ ಜಾಲತಾಣಗಳು ತಮ್ಮ ಕೊರತೆಗಳನ್ನು ತಾವೇ ಹೇಳಿಕೊಳ್ಳುವ ಹೇಳಿಕೆ ಪ್ರಕಟಿಸಬೇಕು, ದೂರು ಕೊಡುವ ದಾರಿಯನ್ನೂ ಅದರಲ್ಲೇ ತೋರಿಸಬೇಕು. ವಾಷಿಂಗ್ಟನ್ನಿನ ಗುಮಾಸ್ತರಿಗೆ ಬೆಂಗಳೂರಿನಿಂದ ಹೋಗುವ ಲೆಕ್ಕ ಬಳ್ಳಾರಿಯ ರೈತರಿಗೆ ಯಾಕಿಲ್ಲ?

ಆದರೆ ಹೊರಗಿನ ನಮೂನೆಯನ್ನು ಹಾಗೇ ತಂದಿಟ್ಟರೆ ಕನ್ನಡದ ತೊಂದರೆಗಳು ಅದರ ಕಣ್ಣಿಗೆ ಬೀಳುವುದಿಲ್ಲ. ನುಡಿಯಂಥ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ತಯಾರಾದ ಆದೇಶ, ಸುತ್ತೋಲೆಗಳು ನೋಡುವ ಕಣ್ಣಿಗೆ ಶುದ್ಧ ಕನ್ನಡ. ಸ್ಕ್ರೀನ್ ರೀಡರಿಗೆ ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಸ್ಕ್ಯಾನ್ ಮಾಡಿ ಹಾಕಿದ ಪಿಡಿಎಫ್ ಆದರಂತೂ ಓದುವುದಕ್ಕೆ ಅಕ್ಷರವೇ ಇರುವುದಿಲ್ಲ. ಪುಟದ ಭಾಷೆ ಕನ್ನಡವೆಂದು ಕೋಡ್‌ನಲ್ಲಿ ಸೂಚಿಸದಿದ್ದರೆ ಓದುವ ದನಿ ಬದಲಾಗದೆ ತಪ್ಪುತಪ್ಪಾಗಿ ಉಚ್ಚರಿಸುತ್ತದೆ, ಇಲ್ಲವೇ ಸಾಲುಗಳನ್ನೇ ನುಂಗುತ್ತದೆ. ಅಕ್ಷರವನ್ನು ಎರಡರಷ್ಟು ದೊಡ್ಡದು ಮಾಡಿದರೂ ಪುಟ ಓದಲು ಬರಬೇಕು ಎಂಬುದು ಮಾನದಂಡ. ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದು ಬಿಗಿದಿದ್ದರೆ ನಮ್ಮ ಒತ್ತಕ್ಷರಗಳ ಅಡಿ ಕತ್ತರಿಸಿಹೋಗುತ್ತದೆ. ಆಗ ಅದು ಯಾವ ಒತ್ತು ಎಂದು ತಿಳಿಯುವುದಿಲ್ಲ. ಇಂಗ್ಲಿಷ್ ಪುಟವನ್ನು ಮಾತ್ರ ಪರೀಕ್ಷಿಸಿ ಇಡೀ ಜಾಲತಾಣಕ್ಕೆ ‘ಪೂರೈಸುತ್ತದೆ’ ಎಂದು ಬರೆದ ದಾಖಲೆಯನ್ನು ನಾವು ಒಪ್ಪುವುದಿಲ್ಲ. ಕನ್ನಡ ಪುಟವನ್ನು ಕನ್ನಡದಲ್ಲೇ ಪರೀಕ್ಷಿಸಬೇಕು, ಫಲಿತಾಂಶವನ್ನೂ ಕನ್ನಡದಲ್ಲೇ ಬರೆಯಬೇಕು. ಪರೀಕ್ಷೆಗೆ ಬಳಸಿದ ಫೋನು ಹಳ್ಳಿಯ ಜನರ ಕೈಯಲ್ಲಿರುವಂಥ ಅಗ್ಗದ ಆಂಡ್ರಾಯ್ಡ್ ಆಗಿರಬೇಕು.

ಪರೀಕ್ಷಿಸುವವರು ಯಾರು? ತಂತ್ರಾಂಶ ಉಪಕರಣಗಳು ಬೇಕು, ನಾವು ಅವುಗಳ ವಿರೋಧಿಗಳಲ್ಲ. ಅಕ್ಷರಕ್ಕೂ ಹಿನ್ನೆಲೆಗೂ 4.5ಕ್ಕೆ 1ರ ವ್ಯತ್ಯಾಸವಿದೆಯೇ ಎಂದು ಅವು ಕ್ಷಣದಲ್ಲಿ ಲೆಕ್ಕ ಹಾಕುತ್ತವೆ. ಚಿತ್ರಕ್ಕೆ ವಿವರಣೆ ಇದೆಯೇ ಎಂದೂ ಹೇಳುತ್ತವೆ. ಆ ವಿವರಣೆ ನಿಜವೇ ಎಂದು ಹೇಳಲಾರವು. ಹೀಗಾಗಿ ನಿತ್ಯ ಸ್ಕ್ರೀನ್ ರೀಡರ್ ಬಳಸುವವರು, ಕೈ ನಡುಗುವವರು, ಕಿವುಡರು ಪರೀಕ್ಷೆಯಲ್ಲಿ ಇರಲೇಬೇಕು. ಅವರ ಶ್ರಮಕ್ಕೆ ಉಳಿದ ಪರೀಕ್ಷಕರಷ್ಟೇ ಸಂಬಳ ಕೊಡಬೇಕು. ಹಾರ, ಶಾಲು ಅದಕ್ಕೆ ಬದಲಾಗುವುದಿಲ್ಲ. ಪುಟದ ಮೂಲೆಯಲ್ಲೊಂದು ಗುಂಡಿ ಅಂಟಿಸಿ ‘ನಮ್ಮ ತಾಣ ಸುಗಮ್ಯ’ ಎಂದುಬಿಡುವ ವ್ಯಾಪಾರವನ್ನು ನಾವು ನಂಬುವುದಿಲ್ಲ. ಯಾವ ಜಾಲತಾಣವನ್ನಾದರೂ ತನ್ನ ಉಪಕರಣ ಮಾನದಂಡಕ್ಕೆ ಹೊಂದಿಸುತ್ತದೆ ಎಂದು ಹೇಳಿಕೊಂಡ ಆಕ್ಸೆಸಿಬಿ ಕಂಪನಿ 10 ಲಕ್ಷ ಡಾಲರ್ ತೆರಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ ಆದೇಶಿಸಿದೆ.

ಇಲಾಖೆಗಳಿಗೆ, ಕಂಪನಿಗಳಿಗೆ ಒಂದು ಮಾತು. ‘ಪೂರೈಸುವುದಿಲ್ಲ’ ಎಂದು ಬರೆದವರನ್ನು ನಾವು ಹೀಯಾಳಿಸುವುದಿಲ್ಲ. ಸುಳ್ಳು ‘ಹೌದು’ಗಿಂತ ನಿಜವಾದ ‘ಇಲ್ಲ’ ನಮಗೆ ಬೆಲೆಯುಳ್ಳದ್ದು. ಪಾವತಿಯ ಹಂತದಲ್ಲಿ ಸ್ಕ್ರೀನ್ ರೀಡರ್ ನಿಲ್ಲುತ್ತದೆ ಎಂದು ಮೊದಲೇ ಗೊತ್ತಿದ್ದರೆ ಅರ್ಧ ದಿನ ಫಾರಂ ತುಂಬಿ ಕೊನೆಯ ಪುಟದಲ್ಲಿ ಸೋಲುವುದು ತಪ್ಪುತ್ತದೆ. ಸರಿಪಡಿಸುವವರಿಗೂ ಎಲ್ಲಿ ಕೈಹಾಕಬೇಕೆಂದು ತಿಳಿಯುತ್ತದೆ. ಆದರೆ ಪ್ರತಿ ‘ಇಲ್ಲ’ದ ಮುಂದೆ ಅದು ಸರಿಹೋಗುವ ತಾರೀಖು ಇರಬೇಕು, ಹೊಣೆ ಹೊತ್ತ ಅಧಿಕಾರಿಯ ಹುದ್ದೆ ಇರಬೇಕು. ಹೊಸ ಆವೃತ್ತಿ ಬಂದಾಗ ದಾಖಲೆಯೂ ಹೊಸದಾಗಬೇಕು. ರಾಜ್ಯದ ‘ಸಕಾಲ’ ಸೇವೆಗಳಲ್ಲಿ ಅರ್ಜಿಗೆ ಸಂಖ್ಯೆಯೂ ಗಡುವೂ ಇರುವಂತೆ ಸುಗಮ್ಯತೆಯ ದೂರಿಗೂ ಇರಲಿ. ಸಾರ್ವಜನಿಕ ಹಣದಲ್ಲಿ ಸಾಫ್ಟ್‌ವೇರ್ ಕೊಳ್ಳುವ ಟೆಂಡರಿನಲ್ಲಿ ಈ ದಾಖಲೆ ಕಡ್ಡಾಯ ಲಗತ್ತಾಗಲಿ. ಅದಿಲ್ಲದ ಬಿಡ್ ತೆರೆಯುವುದೇ ಬೇಡ. ನಮ್ಮ ಎಲ್ಲ ಬೇಡಿಕೆಗಳಲ್ಲಿ ಬೇಗ ಫಲ ಕೊಡುವುದು ಇದೇ ಎಂದು ನಾವು ನಂಬಿದ್ದೇವೆ, ಏಕೆಂದರೆ ಕೊಂಡ ಮೇಲೆ ರಿಪೇರಿ ಮಾಡಿಸುವುದು ದುಬಾರಿ, ನಿಧಾನ.

ಅವರು ಬರೆಯುವ ತನಕ ನಾವು ಸುಮ್ಮನೆ ಕೂರುವುದಿಲ್ಲ. ಜನ ಹೆಚ್ಚು ಬಳಸುವ ಸೇವೆಗಳನ್ನು ನಾವೇ ಪರೀಕ್ಷಿಸಿ ಬರೆಯುತ್ತೇವೆ, ಪ್ರಕಟಿಸುವ ಮೊದಲು ಸಂಬಂಧಪಟ್ಟವರಿಗೆ ಕಳಿಸಿ ಅವರ ಉತ್ತರವನ್ನೂ ಸೇರಿಸುತ್ತೇವೆ.

ಓದುಗರೇ, ನೀವು ವಿಕಲಚೇತನರಾಗಿರಲಿ, ಇಲ್ಲದಿರಲಿ, ನೀವು ಬಳಸುವ ಒಂದು ಸರ್ಕಾರಿ ಸೇವೆಯನ್ನು ಆರಿಸಿಕೊಳ್ಳಿ. ಅದರ ಸುಗಮ್ಯತೆಯ ಕೊನೆಯ ಆಡಿಟ್ ವರದಿಯ ಪ್ರತಿ ಕೊಡಿ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. 30 ದಿನಗಳೊಳಗೆ ಅವರು ಉತ್ತರ ಕೊಡಲೇಬೇಕು.