ಪುಂಡಿಯ ವ್ಯಾಪಾರ: ಔಷಧವೆಂದೋ, ಆಹಾರವೆಂದೋ?

ಭಾತಂಬ್ರಾ, ಭಾಲ್ಕಿ, ಔರಾದ ಭಾಗದ ಹೊಲಗಳಲ್ಲಿ ಬೆಳೆಯುವ ಪುಂಡಿಯು ಮೂಲತಃ ಆಫ್ರಿಕಾ ಖಂಡದ ಸಸ್ಯವೆಂದರೆ ವ್ಯಾಪಾರಿ ಬಾಂಧವರಲ್ಲಿ ಅನೇಕರಿಗೆ ಆಶ್ಚರ್ಯವಾದೀತು. ಮರಾಠಿಗರ ಅಂಬಾಡಿ, ತೆಲುಗರ ಗೋಂಗೂರ ಇದೇ. ನಮಗೆ ಇದು ಜೋಳದ ರೊಟ್ಟಿಯೊಡನೆ ಉಣ್ಣುವ ಹುಳಿ ಪಲ್ಯೆ. ಹಗ್ಗ ಹೊಸೆಯಲು ನಾರು. ಆಫ್ರಿಕಾದಲ್ಲಿ ಹೆಚ್ಚಿನ ಬೆಲೆ ಇರುವುದು ಹೂವು ಬಾಡಿದ ಮೇಲೆ ಕಾಯಿಯನ್ನು ಸುತ್ತಿಕೊಂಡಿರುವ ಕೆಂಪು ಹೊರದಳಗಳಿಗೆ. ಸುಡಾನ್ ಮತ್ತು ಈಜಿಪ್ಟಿನಲ್ಲಿ ಅವನ್ನು ಒಣಗಿಸಿ, ಕುದಿಸಿ 'ಕರ್ಕದೆ' ಎಂಬ ಪಾನೀಯ ಮಾಡುತ್ತಾರೆ. ಸೆನೆಗಲ್‌ನಲ್ಲಿ ಅದು 'ಬಿಸಾಪ್'. ದೇಹದ ಉಷ್ಣ ಇಳಿಸಲು, ಮೂತ್ರ ಸರಾಗವಾಗಲು, ರಕ್ತದೊತ್ತಡ ತಗ್ಗಿಸಲು ಅಲ್ಲಿನವರು ಇದನ್ನು ಪರಂಪರೆಯಿಂದ ಬಳಸುತ್ತ ಬಂದಿದ್ದಾರೆ. ಸುಡಾನಿನ ಸರಕನ್ನು ಜರ್ಮನಿಯವರು ತರಿಸಿಕೊಂಡು ತಮ್ಮ ಗಿಡಮೂಲಿಕೆ ಚಹಾಗಳಲ್ಲಿ ಬೆರೆಸುತ್ತಾರೆ.

ಈ ಚಹಾವನ್ನು ಪೊಟ್ಟಣ ಕಟ್ಟಿ ಮಾರಬಯಸುವವರು ನನ್ನಲ್ಲಿ ಕೇಳುವ ಮೊದಲ ಪ್ರಶ್ನೆ, 'ಬಿ.ಪಿ.ಗೆ ರಾಮಬಾಣ' ಎಂದು ಮುದ್ರಿಸಬಹುದೇ ಎಂಬುದು. ಕೂಡದು ಎಂಬುದೇ ನನ್ನ ಉತ್ತರ.

ಪರಂಪರೆಯ ನಂಬಿಕೆ ಪೊಳ್ಳೆಂದು ನಾನು ಹೇಳುತ್ತಿಲ್ಲ. 2010ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಆರು ವಾರ ದಿನಕ್ಕೆ ಮೂರು ಕಪ್ ಈ ಚಹಾ ಕುಡಿದವರ ಮೇಲಿನ ರಕ್ತದೊತ್ತಡ ಸರಾಸರಿ 7.2 ಅಂಕ ಇಳಿಯಿತು. ಹೋಲಿಕೆಗೆಂದು ಬೇರೆ ಪಾನೀಯ ಪಡೆದವರಲ್ಲಿ ಇಳಿದದ್ದು 1.3. ಆದರೆ ಭಾಗವಹಿಸಿದವರು ಕೇವಲ 65 ಮಂದಿ, ರಕ್ತದೊತ್ತಡದ ಮಾತ್ರೆ ಸೇವಿಸದಿದ್ದವರು. ನಮ್ಮ ಗ್ರಾಹಕನೋ ಪೊಟ್ಟಣದ ಮಾತು ನಂಬಿ ತನ್ನ ಮಾತ್ರೆಯನ್ನೇ ಬಿಟ್ಟಾನು.

ಕಾನೂನೂ ಸ್ಪಷ್ಟವಾಗಿದೆ. ಔಷಧವೊಂದು ಗುಣಪಡಿಸುತ್ತದೆಂದು ಜಾಹೀರಾತು ನೀಡಲಾಗದ ರೋಗಗಳ ಪಟ್ಟಿ 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆಯಲ್ಲಿದೆ. ರಕ್ತದೊತ್ತಡ, ಮಧುಮೇಹಗಳೆರಡೂ ಅದರಲ್ಲಿವೆ. 'ಇದು ಆಹಾರ' ಎಂದು ಜಾರಿಕೊಳ್ಳುವಂತೆಯೂ ಇಲ್ಲ: ದಾರಿತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯ 53ನೆಯ ಪ್ರಕರಣದಡಿ 10 ಲಕ್ಷ ರೂಪಾಯಿವರೆಗೆ ದಂಡವುಂಟು. ಸಣ್ಣ ಉದ್ಯಮಿಯ ಮೂಲ ಬಂಡವಾಳವೇ ಅಷ್ಟಿರಲಾರದು!

ಹುಳಿ ರುಚಿ, ಮಾಣಿಕ್ಯದ ಬಣ್ಣ, ಬೀದರ ಜಿಲ್ಲೆಯ ಹೆಸರು: ಪೊಟ್ಟಣದ ಮೇಲೆ ಇಷ್ಟು ಸಾಲದೇ? ಲೈಸೆನ್ಸಿಗಿಂತ ಮುಂಚೆ ವಿಚಾರಿಸಬೇಕಾದದ್ದು ಬೀಜವನ್ನು. ನಾರಿಗಾಗಿ ಬೆಳೆಯುವ ಪುಂಡಿಯ ಹೊರದಳ ಒಣಕಲು, ಪಾನೀಯಕ್ಕೆ ಬಾರದು. ದಪ್ಪ ರಸದಳದ ತಳಿಯೇ ಬೇಕು. ಇನ್ನು ಲೆಕ್ಕ ಹಾಕುವಾಗ ಹತ್ತು ಕಿಲೋ ಹಸಿ ದಳ ಒಣಗಿದರೆ ಉಳಿಯುವುದು ಸುಮಾರು ಒಂದು ಕಿಲೋ ಎಂಬುದನ್ನೂ, ಬೀಜದ ಕಾಯಿಯನ್ನು ಒಂದೊಂದಾಗಿ ಕೈಯಿಂದ ಬಿಡಿಸುವ ಕೂಲಿಯನ್ನೂ ಮೊದಲ ಸಾಲಿನಲ್ಲಿಯೇ ಬರೆದುಕೊಳ್ಳತಕ್ಕದ್ದು.